ಮುರಕಲ್ಲಿನ ನೆಲದ ನೀರಿನಲ್ಲಿ ಅಕ್ವೇರಿಯಂ: ಪಿಎಚ್ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಅಕ್ವೇರಿಯಂ ಸಾಮಾನು ಮಾರುವ ಅಂಗಡಿಗಳ ಕಪಾಟಿನಲ್ಲಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಇಳಿಸುವ ದ್ರಾವಣದ ಬಾಟಲಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮಂಜೇಶ್ವರದಿಂದ ಕಾಸರಗೋಡಿನವರೆಗೆ, ಒಳಕ್ಕೆ ಬಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ, ಮನೆಯಲ್ಲಿ ಮೀನು ಸಾಕುವವರಿಗೆ ಅದು ಬೇಕಾಗುವುದು ತೀರಾ ಅಪರೂಪ. ಆದರೂ ಕೊಳ್ಳುತ್ತಾರೆ. ಮೊಬೈಲಿನಲ್ಲಿ ನೋಡುವ ವಿಡಿಯೊಗಳಲ್ಲಿ ಪಿಎಚ್ ಏರಿತು, ಇಳಿಸುವುದು ಹೇಗೆ ಎಂಬ ಮಾತೇ ಹೆಚ್ಚು; ಆ ವಿಡಿಯೊ ಮಾಡಿದವರ ಮನೆಗೆ ಬರುವುದು ಸುಣ್ಣದಂಶ ತುಂಬಿದ ಗಡಸು ನೀರು. ನಮ್ಮಲ್ಲಿ ಬಾವಿಯಿಂದ ಸೇದುವ ನೀರೇ ಹುಳಿ. ಇಲ್ಲಿನ ತೊಟ್ಟಿಗಳಲ್ಲಿ ಮೀನಿಗೆ ಕಂಟಕವಾಗುವುದು ಪಿಎಚ್‌ನ ಏರಿಕೆಗಿಂತ ಅದರ ಕುಸಿತ. ಆದ್ದರಿಂದ ಮುಂದಿನ ಬರಹದ ಹೆಚ್ಚಿನ ಪಾಲು ಕುಸಿತ ತಡೆಯುವುದಕ್ಕೇ ಮೀಸಲು. ಇಳಿಸಬೇಕಾದವರಿಗೂ ಒಂದು ಭಾಗ ಇದೆ.

ನೀರು ಹುಳಿಯಾಗುವುದು ಏಕೆ

ಪಿಎಚ್ 7 ಎಂದರೆ ತಟಸ್ಥ. ಅದಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ. ಈ ಅಳತೆಯಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ 10 ಪಟ್ಟು ಹೆಚ್ಚುತ್ತದೆ, ಎರಡು ಅಂಕ ಇಳಿದರೆ 100 ಪಟ್ಟು. ಏಳರಿಂದ ಆರಕ್ಕೆ ಬಂದ ನೀರನ್ನು ‘ಸ್ವಲ್ಪ ಇಳಿದಿದೆ’ ಎಂದು ಬಿಟ್ಟುಬಿಡುವಂತಿಲ್ಲ.

ಮಳೆ ನೀರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬರುವುದರಿಂದ ಶುದ್ಧ ಮಳೆಯ ಪಿಎಚ್ ಕೂಡ ಸುಮಾರು 5.6 ಇರುತ್ತದೆ. ಸುಣ್ಣಕಲ್ಲಿನ ನೆಲಕ್ಕೆ ಬಿದ್ದಿದ್ದರೆ ಆ ಹುಳಿ ಅಲ್ಲೇ ಮುರಿಯುತ್ತಿತ್ತು. ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲ. ಯುಗಯುಗಗಳ ಮಳೆ ಇದರೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದು ಸಮುದ್ರಕ್ಕೆ ಸಾಗಿಸಿದೆ. ಉಳಿದಿರುವುದು ಮುಖ್ಯವಾಗಿ ಕಬ್ಬಿಣ, ಅಲ್ಯುಮಿನಿಯಂಗಳ ಆಕ್ಸೈಡು. ಹುಳಿಯನ್ನು ಮುರಿಯುವ ಸಾಮಗ್ರಿಯೇ ಕಲ್ಲಿನಲ್ಲಿ ಇಲ್ಲ. ಸಾಲದ್ದಕ್ಕೆ, ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಡೈಆಕ್ಸೈಡು ಇಂಗುವ ನೀರಿಗೆ ಸೇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ 6.5ರಿಂದ 8.5 ಎನ್ನುತ್ತದೆ, ಇಲ್ಲಿನ ತೆರೆದ ಬಾವಿಗಳ ನೀರು 6.5ಕ್ಕಿಂತ ಕೆಳಗಿರುವುದು ಸಾಮಾನ್ಯ ಸಂಗತಿ. ಬಾಯಾರು, ಎಣ್ಮಕಜೆಯ ಕಡೆ ಗುಡ್ಡ ಕೊರೆದು ನೀರು ತರುವ ಸುರಂಗದ ನೀರಿನ ಜಾಯಮಾನವೂ ಇದೇ. ನೋಡಲು ಸ್ಫಟಿಕ, ಕುಡಿಯಲು ಸಿಹಿ, ಲವಣದಂಶ ಅತ್ಯಲ್ಪ.

ಎಲ್ಲರ ಮನೆಯ ನೀರೂ ಹೀಗೆಯೇ ಎಂದುಕೊಳ್ಳಬಾರದು. ಮೊಗ್ರಾಲು, ಕುಂಬಳೆ, ಉಪ್ಪಳದ ಕಡಲ ಅಂಚಿನ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪು ನುಗ್ಗಬಹುದು. ಆಳದ ಕೊಳವೆಬಾವಿಯ ನೀರಿನಲ್ಲಿ ಗಡಸುತನ ಹೆಚ್ಚಿರಬಹುದು, ಕಬ್ಬಿಣವೂ ಇರಬಹುದು. ಒಂದೇ ತೋಟದ ಮೇಲಿನ ಬಾವಿಗೂ ಕೆಳಗಿನ ಕೊಳವೆಬಾವಿಗೂ ಅಜಗಜಾಂತರ ಇರುತ್ತದೆ. ನೆರೆಮನೆಯವರ ಅಳತೆಯನ್ನು ಎರವಲು ತಂದು ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ಎರಡು ಅಳತೆ, ಒಂದಲ್ಲ

ಪಿಎಚ್ ಮಾತ್ರ ಅಳೆದರೆ ಅರ್ಧ ವಿಷಯ ಗೊತ್ತಾದಂತೆ. ಅದಕ್ಕಿಂತ ಮುಖ್ಯವಾದದ್ದು ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನ. ನೀರಿನಲ್ಲಿರುವ ಬೈಕಾರ್ಬೊನೇಟ್ ಎಷ್ಟೆಂದು ಅದು ಹೇಳುತ್ತದೆ. ತೊಟ್ಟಿಯಲ್ಲಿ ದಿನವೂ ಹುಟ್ಟುವ ಆಮ್ಲವನ್ನು ಈ ಬೈಕಾರ್ಬೊನೇಟ್ ನುಂಗಿಹಾಕುತ್ತದೆ. ಅಡಕೆ ಮಾರಿ ಬ್ಯಾಂಕಿನಲ್ಲಿಟ್ಟ ದುಡ್ಡು ಇದು: ಇರುವಷ್ಟು ದಿನ ಮನೆಯ ಖರ್ಚು ಹೊರಗೆ ಕಾಣಿಸುವುದಿಲ್ಲ, ಮುಗಿದ ದಿನವೇ ಕೈ ಖಾಲಿ. ಪಿಎಚ್ ಕೂಡ ಹಾಗೆಯೇ, ಕೆಎಚ್ ಇರುವವರೆಗೆ ಹೆಚ್ಚುಕಡಿಮೆ ಅಲುಗದೆ ನಿಂತು, ಅದು ತೀರಿದ ಮೇಲೆ ಒಂದೆರಡು ದಿನಗಳಲ್ಲೇ ಧೊಪ್ಪನೆ ಬೀಳುತ್ತದೆ. ಒಂದು ಡಿಗ್ರಿ ಕೆಎಚ್ ಎಂದರೆ ಲೀಟರಿಗೆ 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ.

ಅಳೆಯುವ ಸಾಧನಗಳಲ್ಲಿ ಹನಿ ಹಾಕಿ ಬಣ್ಣ ನೋಡುವ ಕಿಟ್ ನನ್ನ ಆಯ್ಕೆ. ಅದ್ದಿ ತೆಗೆಯುವ ಪಟ್ಟಿಗಳು ನಮ್ಮ ಮಳೆಗಾಲದ ತೇವಕ್ಕೆ ಡಬ್ಬಿಯೊಳಗೇ ಕೆಡುತ್ತವೆ. ಪೆನ್ನಿನ ಆಕಾರದ ಡಿಜಿಟಲ್ ಮೀಟರ್ ಬಳಸುವವರು ಎರಡು ವಿಷಯ ನೆನಪಿಡಬೇಕು. ಜೊತೆಗೆ ಬರುವ ಪುಡಿಯಿಂದ 6.86 ಮತ್ತು 4ರ ದ್ರಾವಣ ಮಾಡಿ ಆಗಾಗ ಅದನ್ನು ಸರಿಹೊಂದಿಸಬೇಕು. ಅದರ ತುದಿಯನ್ನು ಒಣಗಲು ಬಿಡಬಾರದು. ಇನ್ನೊಂದು, ಲವಣ ಬಹಳ ಕಡಿಮೆಯಿರುವ ನೀರಿನಲ್ಲಿ ಈ ಮೀಟರಿನ ಅಂಕಿ ಬೇಗ ನಿಲ್ಲುವುದಿಲ್ಲ, ತೇಲುತ್ತಲೇ ಇರುತ್ತದೆ. ನಮ್ಮ ಬಾವಿ ನೀರಿನಲ್ಲಿ ಹೀಗಾದರೆ ಮೀಟರ್ ಕೆಟ್ಟಿದೆ ಎಂದು ಎಸೆಯಬೇಡಿ, ಕೆಲವು ನಿಮಿಷ ಕಾಯಿರಿ.

ಕೆಎಚ್ ಕಿಟ್‌ನಲ್ಲಿ ಸಾಮಾನ್ಯವಾಗಿ 5 ಮಿಲಿಲೀಟರ್ ನೀರಿಗೆ ಒಂದೊಂದೇ ಹನಿ ಹಾಕಿ ಅಲುಗಿಸುತ್ತ ಹೋಗಬೇಕು. ನೀಲಿ ಬಣ್ಣ ಹಳದಿಗೆ ತಿರುಗಿದಾಗ ಹಾಕಿದ ಹನಿಗಳ ಸಂಖ್ಯೆಯೇ ಡಿಗ್ರಿ. ನಮ್ಮ ಕಡೆಯ ಅನೇಕ ಬಾವಿಗಳ ನೀರಿಗೆ ಮೊದಲ ಹನಿಯಲ್ಲೇ ಹಳದಿ ಬಂದುಬಿಡುತ್ತದೆ. ಅಂದರೆ ಒಂದು ಡಿಗ್ರಿಯೂ ಇಲ್ಲ. ಆಗ 10 ಮಿಲಿಲೀಟರ್ ನೀರು ತೆಗೆದುಕೊಂಡರೆ ಪ್ರತಿ ಹನಿ ಅರ್ಧ ಡಿಗ್ರಿಯಾಗುತ್ತದೆ, ಲೆಕ್ಕ ಸೂಕ್ಷ್ಮವಾಗುತ್ತದೆ.

ಯಾವ ನೀರನ್ನು ಅಳೆಯಬೇಕು? ಮೂರು ಮಾದರಿ ಬೇಕು. ಆಗಷ್ಟೇ ಸೇದಿದ ನೀರು, ಅದೇ ನೀರನ್ನು ಬಕೆಟ್ಟಿನಲ್ಲಿಟ್ಟು ಏರೇಟರ್ ಕಲ್ಲು ಹಾಕಿ 24 ಗಂಟೆ ಗುಳ್ಳೆ ಬಿಟ್ಟ ಮೇಲಿನದು, ತೊಟ್ಟಿಯ ನೀರು. ಮೊದಲೆರಡರ ನಡುವೆ ವ್ಯತ್ಯಾಸ ಕಂಡರೆ ಆಶ್ಚರ್ಯ ಬೇಡ. ನೆಲದೊಳಗಿನಿಂದ ಬಂದ ನೀರಿನಲ್ಲಿ ಹಿಡಿದಿಟ್ಟಿದ್ದ ಡೈಆಕ್ಸೈಡು ಗುಳ್ಳೆಗಳೊಂದಿಗೆ ಹಾರಿಹೋಗುತ್ತದೆ, ಪಿಎಚ್ ಮೇಲಕ್ಕೆ ಬರುತ್ತದೆ. 5.8 ತೋರಿಸಿದ ನೀರು ಮರುದಿನ 6.6 ತೋರಿಸಬಹುದು. ನಿಮ್ಮ ನೀರಿನ ನಿಜವಾದ ಪಿಎಚ್ ಈ ಎರಡನೆಯದು. ನೀರು ಬದಲಿಸುವ ಮೊದಲು ಒಂದು ದಿನ ಗಾಳಿಯಾಡಿಸುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಸಮಸ್ಯೆ ದುಡ್ಡಿಲ್ಲದೆ ಪರಿಹಾರವಾಗುತ್ತದೆ.

ತೊಟ್ಟಿಯ ನೀರನ್ನು ಪ್ರತಿಸಲವೂ ಒಂದೇ ಹೊತ್ತಿಗೆ ಅಳೆಯಿರಿ. ಗಿಡಗಳಿರುವ ತೊಟ್ಟಿಯಲ್ಲಿ ಹಗಲಿಡೀ ಗಿಡಗಳು ಡೈಆಕ್ಸೈಡನ್ನು ಹೀರುವುದರಿಂದ ಸಂಜೆಗೆ ಪಿಎಚ್ ಏರಿರುತ್ತದೆ, ಬೆಳಗಿನ ಜಾವಕ್ಕೆ ಇಳಿದಿರುತ್ತದೆ. ಸೋಮವಾರ ಸಂಜೆಯದನ್ನು ಗುರುವಾರ ಬೆಳಗ್ಗಿನದರೊಂದಿಗೆ ಹೋಲಿಸಿ ಗಾಬರಿಯಾಗುವವರು ಬಹಳ ಮಂದಿ. ಅಂದಹಾಗೆ, ಅರಿಸಿನದ ನೀರಿನಿಂದ ಪರೀಕ್ಷಿಸಬಹುದೇ ಎಂದು ಶಾಲಾ ಮಕ್ಕಳು ಕೇಳುವುದುಂಟು. ಅರಿಸಿನ ಕೆಂಪಗಾಗುವುದು ಚೆನ್ನಾಗಿ ಕ್ಷಾರವಿರುವ ನೀರಿನಲ್ಲಿ ಮಾತ್ರ. ಆರಕ್ಕೂ ಏಳಕ್ಕೂ ಅದಕ್ಕೆ ಭೇದವೇ ತಿಳಿಯದು.

ಎರಡನೆಯ ಹೆಜ್ಜೆ: ನೀರಿಗೆ ತಕ್ಕ ಮೀನು

ಏರಿಸುವ, ಇಳಿಸುವ ಯೋಚನೆಗೆ ಮೊದಲು ಮೀನಿನ ಪಟ್ಟಿ ನೋಡಿ. ನಿಯಾನ್ ಟೆಟ್ರಾ, ಏಂಜೆಲ್, ಬೆಟ್ಟಾ, ಗೌರಾಮಿಗಳು ಆರರಿಂದ ಏಳರ ನಡುವಿನ ಮೆದು ನೀರಿನಲ್ಲಿ ಸುಖವಾಗಿರುತ್ತವೆ. ಇವನ್ನು ಸಾಕಲು ಬಯಲುಸೀಮೆಯವರು ದುಡ್ಡು ಕೊಟ್ಟು ಆರ್‌ಒ ನೀರು ಮಾಡಿಕೊಳ್ಳುತ್ತಾರೆ. ನಮಗೆ ಬಾವಿಯೇ ಕೊಡುತ್ತದೆ. ಗಪ್ಪಿ, ಮೊಲ್ಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳಿಗೆ ಏಳಕ್ಕಿಂತ ಮೇಲಿನ, ಸ್ವಲ್ಪ ಗಡಸು ನೀರು ಬೇಕು. ಗೋಲ್ಡ್‌ಫಿಶ್‌ಗೂ ಅಷ್ಟೆ. ‘ಗಪ್ಪಿ ಯಾರ ಮನೆಯಲ್ಲೂ ಬದುಕುತ್ತದೆ’ ಎಂಬ ಮಾತು ನಮ್ಮಲ್ಲಿ ಪೂರ್ತಿ ನಿಜವಲ್ಲ. ಲವಣವಿಲ್ಲದ ನೀರಿನಲ್ಲಿ ಅವು ರೆಕ್ಕೆ ಮುದುಡಿಕೊಂಡು ಬಡಕಲಾಗುತ್ತವೆ. ಮೊಲ್ಲಿಯಂತೂ ಇನ್ನೂ ಬೇಗ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಎಂಟರ ಆಸುಪಾಸು ಬೇಕು. ಮುರಕಲ್ಲಿನ ನೀರಿನಲ್ಲಿ ಅವನ್ನು ಸಾಕುವುದು ಹಟದ ಕೆಲಸ, ಹೊಸಬರು ಕೈಹಾಕದಿರುವುದು ಒಳ್ಳೆಯದು.

ನಮ್ಮ ಘಟ್ಟದ ಹೊಳೆಗಳದೇ ಆದ ‘ಮಿಸ್ ಕೇರಳ’ ಎಂಬ ಕೆಂಪು ಗೀಟಿನ ಮೀನು 6.5ರಿಂದ 7.5ರ ನೀರಿಗೆ ಹೊಂದಿಕೊಳ್ಳುತ್ತದೆ. ಅದು ಅಪಾಯದಂಚಿನ ಪಟ್ಟಿಯಲ್ಲಿರುವ ಪ್ರಭೇದ. ಹೊಳೆಯಿಂದ ಹಿಡಿದದ್ದನ್ನು ಕೊಳ್ಳದೆ ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದನ್ನೇ ಕೇಳಿ ಪಡೆಯಿರಿ.

ಮೀನು ಪುಸ್ತಕದ ಅಂಕಿಗೆ ಕರಾರುವಾಕ್ಕಾಗಿ ಅಂಟಿಕೊಂಡಿರುವುದಿಲ್ಲ. ಅಂಗಡಿಯ ಮೀನುಗಳಲ್ಲಿ ಹೆಚ್ಚಿನವು ಸಾಕಣೆಯಲ್ಲಿ ಹಲವು ತಲೆಮಾರು ಕಳೆದಂಥವು. 6.6ರಲ್ಲಿ ಸ್ಥಿರವಾಗಿ ನಿಂತ ನೀರು, ವಾರಕ್ಕೊಮ್ಮೆ 7.2ಕ್ಕೆ ಏರಿಸಿ ಮತ್ತೆ 6.2ಕ್ಕೆ ಬೀಳುವ ನೀರಿಗಿಂತ ಎಷ್ಟೋ ಮೇಲು.

ಮೂರನೆಯ ಹೆಜ್ಜೆ: ಕುಸಿತದ ಲೆಕ್ಕ ಅರ್ಥ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೀನು ತಿಂದದ್ದರಲ್ಲಿನ ಪ್ರೋಟೀನಿನಿಂದ ಅಮೋನಿಯ ಹುಟ್ಟುತ್ತದೆ. ಫಿಲ್ಟರಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಕೆಲಸದಲ್ಲಿ ಆಮ್ಲ ಬಿಡುಗಡೆಯಾಗುತ್ತದೆ. ಅಮೋನಿಯ ರೂಪದ ಪ್ರತಿ ಮಿಲಿಗ್ರಾಂ ಸಾರಜನಕವನ್ನು ಬದಲಿಸಲು ಸುಮಾರು 7.1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರೀಯತೆ ಖರ್ಚಾಗುತ್ತದೆ.

ಇದನ್ನು ಮನೆಯ ತೊಟ್ಟಿಗೆ ಇಳಿಸಿ ನೋಡೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಲ್ಲುವ ನೀರು ಸುಮಾರು 45 ಲೀಟರ್. ದಿನಕ್ಕೆ ಅರ್ಧ ಗ್ರಾಂ ಆಹಾರ ಹಾಕುತ್ತೀರಿ, ಅದರಲ್ಲಿ ಪ್ರೋಟೀನ್ ಶೇ. 40. ಪ್ರೋಟೀನಿನ ಸುಮಾರು ಶೇ. 16 ಭಾಗ ಸಾರಜನಕವಾದ್ದರಿಂದ ಅರ್ಧ ಗ್ರಾಮಿನಲ್ಲಿ 32 ಮಿಲಿಗ್ರಾಂ ಸಾರಜನಕ ಇರುತ್ತದೆ. ಅದರಲ್ಲಿ ಅರ್ಧದಷ್ಟು ಅಮೋನಿಯವಾಯಿತು ಎಂದುಕೊಂಡರೂ ದಿನಕ್ಕೆ ಸುಮಾರು 114 ಮಿಲಿಗ್ರಾಂ ಕ್ಷಾರೀಯತೆ ಕರಗಿತು. 45 ಲೀಟರಿಗೆ ಹಂಚಿ ಏಳು ದಿನಕ್ಕೆ ಗುಣಿಸಿದರೆ ಲೀಟರಿಗೆ 18 ಮಿಲಿಗ್ರಾಂ ಹತ್ತಿರ, ಅಂದರೆ ವಾರಕ್ಕೆ ಒಂದು ಡಿಗ್ರಿ ಕೆಎಚ್.

ನಿಮ್ಮ ಬಾವಿ ನೀರಿನ ಕೆಎಚ್ ಒಂದೇ ಡಿಗ್ರಿ ಆಗಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹತ್ತು ಡಿಗ್ರಿಯ ನೀರಿರುವವರು ತಿಂಗಳುಗಟ್ಟಲೆ ಮೈಮರೆತು ಇರಬಹುದು. ನಮಗೆ ಆ ಸೌಕರ್ಯ ಇಲ್ಲ. ಗಿಡಗಳು ಹುಲುಸಾಗಿದ್ದರೆ ಅಮೋನಿಯದ ಒಂದು ಪಾಲನ್ನು ಅವೇ ನೇರವಾಗಿ ಹೀರುವುದರಿಂದ ಖರ್ಚು ಸ್ವಲ್ಪ ತಗ್ಗುತ್ತದೆ. ಆಹಾರ ಜಾಸ್ತಿಯಾಗಿ ಕೆಳಗೆ ಕೊಳೆತರೆ ಏರುತ್ತದೆ.

ಪಿಎಚ್ 6.5ಕ್ಕಿಂತ ಕೆಳಗೆ ಬಂದಂತೆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ, 6ರ ಹತ್ತಿರ ಬಹುಮಟ್ಟಿಗೆ ನಿಂತೇಹೋಗುತ್ತದೆ. ಆಗ ಅಮೋನಿಯ ತೊಟ್ಟಿಯಲ್ಲೇ ಶೇಖರವಾಗತೊಡಗುತ್ತದೆ. ಆದರೂ ಮೀನು ತಕ್ಷಣ ಸಾಯುವುದಿಲ್ಲ, ಏಕೆಂದರೆ ಆಮ್ಲ ನೀರಿನಲ್ಲಿ ಅದು ವಿಷ ಕಡಿಮೆಯಾದ ಅಮೋನಿಯಂ ರೂಪದಲ್ಲಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಟ್ಟು ಅಮೋನಿಯದ ಪೈಕಿ ವಿಷಕಾರಿ ರೂಪದಲ್ಲಿರುವುದು ಪಿಎಚ್ 6ರಲ್ಲಿ ಶೇ. 0.06, 7ರಲ್ಲಿ ಶೇ. 0.6, 8ರಲ್ಲಿ ಶೇ. 5ಕ್ಕೂ ಹೆಚ್ಚು. ಪಿಎಚ್ ಕುಸಿದ ತೊಟ್ಟಿಗೆ ಒಂದೇ ಸಲ ಅಡುಗೆ ಸೋಡಾ ಸುರಿದು ಪಿಎಚ್ ಎತ್ತಿದರೆ, ಅಲ್ಲಿಯವರೆಗೆ ಸುಮ್ಮನಿದ್ದ ಅಮೋನಿಯ ಒಮ್ಮೆಲೇ ವಿಷವಾಗುತ್ತದೆ. ‘ನೀರು ಸರಿ ಮಾಡಿದ ಮೇಲೆ ಮೀನು ಸತ್ತವು’ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ಅದರಲ್ಲಿ ಒಗಟೇನೂ ಇಲ್ಲ.

ನಾಲ್ಕನೆಯ ಹೆಜ್ಜೆ: ಕೆಎಚ್ ಕಟ್ಟುವುದು

ಗುರಿ ಸರಳ. ಟೆಟ್ರಾ, ಏಂಜೆಲ್‌ಗಳ ತೊಟ್ಟಿಗೆ ಕೆಎಚ್ 2ರಿಂದ 4; ಗಪ್ಪಿ, ಗೋಲ್ಡ್‌ಫಿಶ್‌ಗೆ 4ರಿಂದ 8. ಅಷ್ಟಿದ್ದರೆ ಪಿಎಚ್ ತಾನಾಗಿ ತನ್ನ ಜಾಗದಲ್ಲಿ ನಿಲ್ಲುತ್ತದೆ.

ನನ್ನ ಮೆಚ್ಚಿನ ದಾರಿ ಚಿಪ್ಪು. ಹೊಳೆಬಾಯಿಯಲ್ಲಿ ಸಿಗುವ ಮರುವಾಯಿಯ ಪದಾರ್ಥ ಮಾಡಿದ ಮನೆಗಳಲ್ಲಿ ಚಿಪ್ಪು ಎಸೆಯುತ್ತಾರಲ್ಲ, ಅದೇ ಸಾಕು. ಮಾಂಸದ ಚೂರು ಉಳಿಯದಂತೆ ಉಜ್ಜಿ ತೊಳೆಯಿರಿ, ಕಾಲು ಗಂಟೆ ಕುದಿಸಿ, ಬಿಸಿಲಿಗೆ ಒಣಗಿಸಿ, ಗೋಣಿಯೊಳಗಿಟ್ಟು ಸುತ್ತಿಗೆಯಿಂದ ಕುಟ್ಟಿ ಕಡಲೆಗಾತ್ರದ ಚೂರು ಮಾಡಿ. ಹಳೆಯ ಬಲೆ ಚೀಲದಲ್ಲಿ ತುಂಬಿ ಫಿಲ್ಟರಿನೊಳಗೆ, ನೀರು ಹರಿಯುವ ದಾರಿಯಲ್ಲಿ ಇಡಿ. 50 ಲೀಟರಿಗೆ 100 ಗ್ರಾಮಿನಿಂದ ಶುರು ಮಾಡಿ. ಪರಿಣಾಮ ಕಾಣಲು ಒಂದೆರಡು ವಾರ ಬೇಕು. ಅಳೆದು ನೋಡಿ ಹೆಚ್ಚು ಕಡಿಮೆ ಮಾಡಿ. ಚಿಪ್ಪಿನ ದೊಡ್ಡ ಗುಣವೆಂದರೆ ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಪಿಎಚ್ ಏಳೂವರೆಯ ಹತ್ತಿರ ಬಂದಂತೆ ಕರಗುವುದು ತೀರ ಮಂದವಾಗುತ್ತದೆ. ಕೈತಪ್ಪಿ ಜಾಸ್ತಿ ಬಿದ್ದರೂ ಅನಾಹುತವಿಲ್ಲ. ಅದರಿಂದ ಕ್ಯಾಲ್ಸಿಯಂ ಕೂಡ ಬರುವುದರಿಂದ ಬಸವನಹುಳು, ಸೀಗಡಿ ಸಾಕುವವರಿಗೂ ಲಾಭ. ಲೋಳೆ ಕಟ್ಟಿದರೆ ತಿಂಗಳಿಗೊಮ್ಮೆ ತೊಳೆದರೆ ಆಯಿತು.

ಚಿಪ್ಪು ಸಿಗದವರು ಸಮುದ್ರಫೇನ, ಅಂದರೆ ಬೊಂಡಾಸಿನ ಬೆನ್ನಿನೊಳಗಿನ ಬಿಳಿ ಚಿಪ್ಪನ್ನು ಗ್ರಂದಿಗೆ ಅಂಗಡಿಯಲ್ಲಿ ಕೇಳಬಹುದು. ಹವಳದ ಪುಡಿಯನ್ನು ವಿದೇಶಿ ಬರಹಗಳು ಹೊಗಳುತ್ತವೆ. ನಮ್ಮ ದೇಶದಲ್ಲಿ ಹವಳ ವನ್ಯಜೀವಿ ಕಾಯ್ದೆಯಡಿ ಸಂರಕ್ಷಿತ, ಅದನ್ನು ಹುಡುಕುವ ಗೋಜಿಗೆ ಹೋಗಬೇಡಿ. ಚಿಪ್ಪು ಮಾಡದ್ದನ್ನು ಹವಳ ಏನೂ ಮಾಡುವುದಿಲ್ಲ.

ಬೇಗ ಫಲ ಬೇಕಾದಾಗ ಅಡುಗೆ ಸೋಡಾ. 100 ಲೀಟರ್ ನೀರಿನ ಕೆಎಚ್ ಒಂದು ಡಿಗ್ರಿ ಏರಲು ಸುಮಾರು 3 ಗ್ರಾಂ ಬೇಕು. ಮೇಲೆ ಹೇಳಿದ 45 ಲೀಟರಿನ ತೊಟ್ಟಿಯನ್ನು ಒಂದರಿಂದ ನಾಲ್ಕು ಡಿಗ್ರಿಗೆ ತರಲು 4 ಗ್ರಾಂ, ಒಂದು ಸಣ್ಣ ಚಮಚಕ್ಕಿಂತ ತುಸು ಕಡಿಮೆ. ಅದನ್ನು ಒಂದೇ ದಿನ ಹಾಕಬೇಡಿ. ನಾಲ್ಕು ಪಾಲು ಮಾಡಿ, ದಿನಕ್ಕೊಂದು ಪಾಲನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ಫಿಲ್ಟರಿನ ಹರಿವಿನ ಬಳಿ ನಿಧಾನವಾಗಿ ಸುರಿಯಿರಿ. ದಿನಕ್ಕೆ 0.3ಕ್ಕಿಂತ ಹೆಚ್ಚು ಪಿಎಚ್ ಬದಲಾಗದಿರಲಿ. ಇದಕ್ಕಿಂತಲೂ ಚೆನ್ನಾದ ಕ್ರಮವೆಂದರೆ ಬದಲಿಸಲು ತೆಗೆದಿಟ್ಟ ಬಕೆಟ್ಟಿನ ನೀರಿಗೇ ಸೋಡಾ ಬೆರೆಸುವುದು. ಆಗ ತೊಟ್ಟಿಗೆ ಹೋಗುವ ನೀರೇ ಸಿದ್ಧವಾಗಿ ಹೋಗುತ್ತದೆ. ಸೋಡಾದಲ್ಲಿ ಕ್ಯಾಲ್ಸಿಯಂ ಇಲ್ಲ, ಹಾಗಾಗಿ ಚಿಪ್ಪಿನ ಜಾಗವನ್ನು ಅದು ಪೂರ್ತಿ ತುಂಬಲಾರದು. ಕೇಕಿನ ಬೇಕಿಂಗ್ ಪೌಡರ್ ಬೇರೆ, ಬಟ್ಟೆ ಒಗೆಯುವ ಸೋಡಾ ಬೇರೆ. ಎರಡನ್ನೂ ತೊಟ್ಟಿಯ ಹತ್ತಿರ ತರಬೇಡಿ.

ಸುಣ್ಣದ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ: ಬೇಡ. ‘ಚಿಪ್ಪು ಆಗುತ್ತದೆ ಎಂದ ಮೇಲೆ ಚಿಪ್ಪುಸುಣ್ಣ ಏಕಾಗದು’ ಎಂಬ ವಾದ ಕೇಳಲು ಸರಿಯೆನಿಸುತ್ತದೆ. ಸುಟ್ಟು ನೀರು ಹಾಕಿದ ಮೇಲೆ ಅದು ಕಾರ್ಬೊನೇಟ್ ಆಗಿ ಉಳಿಯುವುದಿಲ್ಲ, ಹೈಡ್ರಾಕ್ಸೈಡ್ ಆಗುತ್ತದೆ. ಸುಣ್ಣದ ತಿಳಿನೀರಿನ ಪಿಎಚ್ 12ಕ್ಕಿಂತ ಮೇಲೆ. ಗದ್ದೆಗೆ, ದೊಡ್ಡ ಕೆರೆಗೆ ಅದನ್ನು ಲೆಕ್ಕಹಾಕಿ ಹಾಕುವವರಿದ್ದಾರೆ. 45 ಲೀಟರಿನ ಗಾಜಿನ ತೊಟ್ಟಿಯಲ್ಲಿ ವೀಳ್ಯಕ್ಕೆ ಹಚ್ಚುವಷ್ಟು ಸುಣ್ಣ ಕೂಡ ಮೀನಿನ ಕಿವಿರನ್ನು ಸುಡಬಲ್ಲದು.

ಹೊಸ ಸಿಮೆಂಟ್ ತೊಟ್ಟಿಯದೂ ಇದೇ ಕಥೆ. ಅಂಗಳದಲ್ಲಿ ಗಪ್ಪಿಗೆಂದು ಕಟ್ಟಿಸಿದ ತೊಟ್ಟಿಯ ನೀರಿಗೆ ಸಿಮೆಂಟಿನ ಸುಣ್ಣ ಇಳಿದು ಪಿಎಚ್ ಒಂಬತ್ತು ದಾಟುತ್ತದೆ. ನೀರು ತುಂಬಿ, ಕೆಲವು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬಿ, ಎರಡು ಮೂರು ವಾರ ಹೀಗೆ ಮಾಡಬೇಕು. ಬಾಳೆದಿಂಡನ್ನು ತುಂಡು ಮಾಡಿ ಹಾಕಿ ಕೊಳೆಯಲು ಬಿಡುವ ಹಳೆಯ ಪದ್ಧತಿ ಈಗಲೂ ಚಾಲ್ತಿಯಲ್ಲಿದೆ, ಕೊಳೆಯುವಾಗ ಹುಟ್ಟುವ ಆಮ್ಲ ಸುಣ್ಣವನ್ನು ಮುರಿಯುತ್ತದೆ. ಆ ನೀರನ್ನು ಪೂರ್ತಿ ಚೆಲ್ಲಿ ಉಜ್ಜಿ ತೊಳೆದು, ಹೊಸ ನೀರು ಒಂದು ವಾರ ನಿಂತ ಮೇಲೂ ಪಿಎಚ್ ಎಂಟರೊಳಗಿದ್ದರೆ ಮಾತ್ರ ಮೀನು ಬಿಡಿ.

ಐದನೆಯ ಹೆಜ್ಜೆ: ವಾರದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಒಂದು ದಿನ ಗಾಳಿಯಾಡಿಸಿದ, ಕೆಎಚ್ ಸರಿಮಾಡಿದ ನೀರು. ತಳದ ಮರಳಿನ ಕೊಳೆಯನ್ನು ಪೈಪಿನಿಂದ ಎಳೆದು ತೆಗೆಯಿರಿ. ಬದಲಿಸುವ ಮೊದಲು ಕೆಎಚ್ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದೆರಡು ತಿಂಗಳಲ್ಲಿ ನಿಮ್ಮ ತೊಟ್ಟಿಯ ಖರ್ಚಿನ ವೇಗ ನಿಮಗೇ ತಿಳಿಯುತ್ತದೆ.

ಬೇಸಗೆಯಲ್ಲಿ ಆವಿಯಾದ ನೀರನ್ನು ತುಂಬಿಸುವುದನ್ನೇ ನೀರು ಬದಲಿಸುವುದೆಂದು ಭಾವಿಸಬಾರದು. ಆವಿಯಾಗುವುದು ಬರಿಯ ನೀರು. ನೈಟ್ರೇಟ್, ಉಪ್ಪು ಎಲ್ಲ ಅಲ್ಲೇ ಉಳಿಯುತ್ತದೆ.

ತೊಟ್ಟಿಗೆ ಹಾಕುವ ಕಲ್ಲುಗಳನ್ನೂ ಒಮ್ಮೆ ಪರೀಕ್ಷಿಸಿ. ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಬಿಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣದಂಶ ಇದೆ, ಪಿಎಚ್ ಏರಿಸುತ್ತದೆ. ಅಮೃತಶಿಲೆಯ ಚೂರು, ಕಡಲಂಚಿನ ಮರಳು ಈ ಗುಂಪಿನವು. ಮುರಕಲ್ಲಿನಿಂದ ನೊರೆ ಬರುವುದಿಲ್ಲ.

ಮಳೆಗಾಲದ ಮೂರು ಅಪಾಯ

ಆಟಿಯ ಮಳೆಗೆ ಬಾವಿಗಳು ತುಂಬಿ ನೀರು ಕೈಗೆಟುಕುವಷ್ಟು ಮೇಲೆ ಬಂದಾಗ ಅದು ಹೆಚ್ಚುಕಡಿಮೆ ಮಳೆ ನೀರೇ. ಮೇ ತಿಂಗಳಲ್ಲಿ ಎರಡು ಡಿಗ್ರಿ ಇದ್ದ ಕೆಎಚ್ ಜುಲೈಯಲ್ಲಿ ಶೂನ್ಯದ ಹತ್ತಿರ ಬರಬಹುದು. ಬೇಸಗೆಯ ಅಳತೆ ನಂಬಿ ಮಳೆಗಾಲ ಕಳೆಯಬೇಡಿ. ಜೂನ್ ನಡುವಿನಲ್ಲಿ ಮತ್ತೊಮ್ಮೆ ಅಳೆದು ಚಿಪ್ಪು ಹೆಚ್ಚಿಸಿ. ಗಾಳಿಮಳೆಗೆ ಕರೆಂಟ್ ಹೋಗಿ ಏರೇಟರ್ ಗಂಟೆಗಟ್ಟಲೆ ನಿಂತರೆ ಡೈಆಕ್ಸೈಡು ಶೇಖರವಾಗಿ ಪಿಎಚ್ ಇನ್ನಷ್ಟು ಇಳಿಯುತ್ತದೆ. ಬ್ಯಾಟರಿಯ ಸಣ್ಣ ಏರೇಟರೊಂದು ಮನೆಯಲ್ಲಿರುವುದು ಒಳ್ಳೆಯದು.

ಎರಡನೆಯದು ಬ್ಲೀಚಿಂಗ್ ಪೌಡರ್. ಮಳೆಗಾಲದ ರೋಗಗಳನ್ನು ತಡೆಯಲು ಆರೋಗ್ಯ ಕಾರ್ಯಕರ್ತರು ಬಾವಿಗಳಿಗೆ ಅದನ್ನು ಹಾಕುತ್ತಾರೆ, ಹಾಕಲೇಬೇಕು. ಆ ವಾರ ತೊಟ್ಟಿಯ ನೀರು ಬದಲಿಸದಿದ್ದರೆ ಸಾಕು. ಅನಿವಾರ್ಯವಾದರೆ ತೆರೆದ ಬಕೆಟ್ಟಿನಲ್ಲಿ ಗುಳ್ಳೆ ಬಿಟ್ಟು ಒಂದೆರಡು ದಿನ ಇಡಿ, ಅಥವಾ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕ ಬಳಸಿ.

ಮೂರನೆಯದು ತೋಟದವರಿಗೆ. ಮಳೆಗಾಲದ ಆರಂಭದಲ್ಲಿ ಕೊಳೆರೋಗಕ್ಕೆಂದು ಅಡಕೆಗೆ ಮದ್ದು ಬಿಡುತ್ತೇವೆ, ಆಮೇಲೆ ಸುಮಾರು 45 ದಿನಕ್ಕೆ ಇನ್ನೊಮ್ಮೆ. ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೊ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ. ತಾಮ್ರ ಮೀನಿಗೆ ವಿಷ, ಮೆದುವಾದ ಆಮ್ಲ ನೀರಿನಲ್ಲಿ ಅದರ ಉಗ್ರತೆ ಇನ್ನೂ ಹೆಚ್ಚು. ಗಡಸು ನೀರಿನಲ್ಲಿ ಮೀನು ತಡೆದುಕೊಳ್ಳುವಷ್ಟು ತಾಮ್ರ ನಮ್ಮ ನೀರಿನಲ್ಲಿ ಅದನ್ನು ಕೊಲ್ಲಬಹುದು. ಮದ್ದಿನ ಬಕೆಟ್, ಡ್ರಮ್, ಹೋಸ್‌ಪೈಪು ಎಷ್ಟೇ ತೊಳೆದಿದ್ದರೂ ಅಕ್ವೇರಿಯಂ ಕೆಲಸಕ್ಕೆ ಬೇಡ. ಮದ್ದು ಬಿಟ್ಟ ದಿನಗಳಲ್ಲಿ ಮಾಡಿನ ನೀರನ್ನೂ ತೋಟದ ನಡುವಿನ ಮದಕದ ನೀರನ್ನೂ ತೊಟ್ಟಿಗೆ ತರಬೇಡಿ. ಮೀನಿಗೆಂದೇ ಎರಡು ಬಕೆಟ್ ಬೇರೆ ಇಟ್ಟು, ಹಿಡಿಗೆ ಬಣ್ಣದ ದಾರ ಕಟ್ಟಿಡಿ. ಮನೆಯವರಿಗೆಲ್ಲ ಗುರುತು ಸಿಗುತ್ತದೆ.

ಕುಸಿದೇ ಹೋದರೆ

ಲಕ್ಷಣಗಳು ಹೀಗಿರುತ್ತವೆ: ಮೀನುಗಳು ರೆಕ್ಕೆ ಮುದುಡಿಕೊಂಡು ಮೂಲೆ ಸೇರುತ್ತವೆ, ಕೆಲವು ಮೇಲ್ಮೈಯಲ್ಲಿ ಬಾಯಿ ಬಡಿಯುತ್ತವೆ, ಮೈಯಲ್ಲಿ ಲೋಳೆ ಹೆಚ್ಚುತ್ತದೆ. ಬಸವನಹುಳುಗಳ ಚಿಪ್ಪು ಬೆಳ್ಳಗಾಗಿ ಗುಳಿ ಬಿದ್ದಿರುತ್ತದೆ. ಇದು ಎಲ್ಲಕ್ಕಿಂತ ಮೊದಲೇ ಕಾಣುವ ಗುರುತು. ನೀರು ಮಾತ್ರ ತಿಳಿಯಾಗಿಯೇ ಇರಬಹುದು, ಅದನ್ನು ನಂಬಿ ಕೂರಬೇಡಿ.

ಪಿಎಚ್ 6ಕ್ಕಿಂತ ಕೆಳಗಿದ್ದರೆ ಮೊದಲು ಅಮೋನಿಯ ಪರೀಕ್ಷಿಸಿ. ಅಮೋನಿಯ ಇಲ್ಲದಿದ್ದರೆ ಸಮಾಧಾನ. ಮೇಲೆ ಹೇಳಿದಂತೆ ದಿನಕ್ಕೆ 0.3ರ ಮಿತಿಯಲ್ಲಿ ಏರಿಸುತ್ತ ಬನ್ನಿ. ಇದ್ದರೆ ಆಹಾರ ನಿಲ್ಲಿಸಿ, ಎರಡು ಮೂರು ದಿನ ತಿನ್ನದೆ ಇದ್ದರೆ ದೊಡ್ಡ ಮೀನಿಗೆ ಏನೂ ಆಗದು. ಏರೇಟರ್ ಬಿಡದೆ ನಡೆಸಿ. ಸೋಡಾ ಹಾಕದ, ಗಾಳಿಯಾಡಿಸಿದ ಬಾವಿ ನೀರಿನಿಂದ ಬೆಳಗ್ಗೆ ಹತ್ತನೇ ಒಂದು ಭಾಗ, ಸಂಜೆ ಹತ್ತನೇ ಒಂದು ಭಾಗ ಬದಲಿಸಿ. ಇಲ್ಲಿ ಮಾತ್ರ ನಮ್ಮ ಹುಳಿ ನೀರು ವರವಾಗುತ್ತದೆ, ಅಮೋನಿಯವನ್ನು ತೆಳುವಾಗಿಸುತ್ತದೆ, ಪಿಎಚ್ ಎಗರುವುದಿಲ್ಲ. ಅಮೋನಿಯ ಕಿಟ್‌ನಲ್ಲಿ ಕಾಣದಷ್ಟಾಗುವವರೆಗೆ ಪಿಎಚ್ ಏಳು ದಾಟದಂತೆ ನೋಡಿಕೊಳ್ಳಿ. ಆಮೇಲೆ ಚಿಪ್ಪಿನ ಚೀಲ ಇಡಿ. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಅಳಿದುಳಿದ ಬ್ಯಾಕ್ಟೀರಿಯಾ ಅದರಲ್ಲೇ ಇರುವುದು.

ಇಳಿಸಬೇಕಾದವರಿಗೆ

ಅದೋನಿ, ಮಡಕಶಿರಾ, ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡಿಗರು ಇಷ್ಟು ಹೊತ್ತು ಇದೇನಿದು ಎಂದು ಓದಿರಬಹುದು. ಅಲ್ಲಿನ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು, ಪಿಎಚ್ ಎಂಟರ ಸುತ್ತಮುತ್ತ. ಗಪ್ಪಿ, ಮೊಲ್ಲಿ, ಗೋಲ್ಡ್‌ಫಿಶ್ ಸಾಕುವುದಾದರೆ ಏನನ್ನೂ ಇಳಿಸಬೇಕಿಲ್ಲ. ಟೆಟ್ರಾ ಬೇಕೆನಿಸಿದರೆ ಮೊದಲು ಕೆಎಚ್ ಇಳಿಸಬೇಕು, ಪಿಎಚ್ ಹಿಂದೆಯೇ ಬರುತ್ತದೆ. ಅದಕ್ಕೆ ಮಳೆ ನೀರು ಅಥವಾ ಆರ್‌ಒ ನೀರು ಬೆರೆಸುವುದೇ ದಾರಿ. ಎರಡರಲ್ಲೂ ಕೆಎಚ್ ಶೂನ್ಯ ಎಂದುಕೊಳ್ಳಬಹುದು. 12 ಡಿಗ್ರಿಯ ನೀರು ಒಂದು ಪಾಲು, ಮಳೆ ನೀರು ಎರಡು ಪಾಲು ಸೇರಿದರೆ 4 ಡಿಗ್ರಿ. ಮಳೆ ನೀರನ್ನು ಮೊದಲ ಕೆಲವು ಮಳೆಗಳು ಮಾಡನ್ನು ತೊಳೆದ ಮೇಲೆ ಹಿಡಿಯಿರಿ.

ನಿಂಬೆರಸ, ವಿನೆಗರ್, ಬಾಟಲಿಯ ಆಮ್ಲ ಇವುಗಳಿಂದ ಗಡಸು ನೀರಿನ ಪಿಎಚ್ ಆ ಹೊತ್ತಿಗೆ ಇಳಿದರೂ ಉಳಿದ ಬೈಕಾರ್ಬೊನೇಟ್ ಮರುದಿನ ಮತ್ತೆ ಮೇಲಕ್ಕೆತ್ತುತ್ತದೆ. ಮೀನಿಗೆ ಎರಡು ಸಲ ಪೆಟ್ಟು. ಒಣಗಿ ಉದುರಿದ ಕಾಡುಬಾದಾಮಿ ಎಲೆ ಸೌಮ್ಯವಾದದ್ದು: 50 ಲೀಟರಿಗೆ ಒಂದು ಎಲೆ, ತೊಳೆದು ಹಾಕಿ, ಜಾಳಾದ ಮೇಲೆ ಬದಲಿಸಿ. ನೀರು ಚಹಾ ಬಣ್ಣಕ್ಕೆ ಬರುತ್ತದೆ, ಬೆಟ್ಟಾಗಳಿಗೆ ಅದು ಬಲು ಇಷ್ಟ. ಆದರೆ ಕೆಎಚ್ ಹೆಚ್ಚಿರುವ ನೀರಿನಲ್ಲಿ ಎಲೆಯಿಂದ ಬಣ್ಣ ಬರುತ್ತದೆ ಹೊರತು ಪಿಎಚ್ ಅಷ್ಟಾಗಿ ಇಳಿಯುವುದಿಲ್ಲ. ಕೆಎಚ್ ಒಂದರ ಆಸುಪಾಸಿನ ನಮ್ಮ ನೀರಿಗೆ ಅದನ್ನು ಹಾಕುವವರು ಜೊತೆಗೆ ಚಿಪ್ಪನ್ನೂ ಇಡಿ.

ಹೊಸ ಮೀನು ತಂದಾಗ

ಇಲ್ಲಿನ ಅಂಗಡಿಗಳಿಗೆ ಬರುವ ಮೀನು ಬಹಳ ಸಲ ದೂರದೂರದ ಸಾಕಣೆ ಕೇಂದ್ರಗಳಿಂದ, ಗಡಸು ನೀರಿನಿಂದ ಬಂದಿರುತ್ತದೆ. ತಂದಾಗ ಅಂಗಡಿಯ ನೀರಿನ ಪಿಎಚ್ ಕೇಳಿ. ಹೇಳದಿದ್ದರೆ ಚೀಲದ ನೀರನ್ನೇ ಅಳೆಯಿರಿ. ಮುಚ್ಚಿದ ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಸಿ. ಆಮೇಲೆ ಮೀನನ್ನು ನೀರಿನ ಸಮೇತ ಪಾತ್ರೆಗೆ ಬಿಟ್ಟು, ಏರೇಟರಿನ ಸಪೂರ ಪೈಪಿಗೆ ಗಂಟು ಹಾಕಿ ತೊಟ್ಟಿಯಿಂದ ಹನಿಹನಿಯಾಗಿ ನೀರು ಇಳಿಸಿ. ಮುಕ್ಕಾಲು ಗಂಟೆಯಲ್ಲಿ ಪಾತ್ರೆಯ ನೀರು ಮೂರು ಪಟ್ಟಾದರೆ ಸಾಕು. ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ, ಪಾತ್ರೆಯ ನೀರು ಗಿಡಕ್ಕೆ ಹೋಗಲಿ.

ರಾತ್ರಿಯಿಡೀ ಬಸ್ಸಿನಲ್ಲೋ ರೈಲಿನಲ್ಲೋ ಬಂದ ಚೀಲವಾದರೆ ಕ್ರಮ ಬೇರೆ. ಅದರೊಳಗೆ ಅಮೋನಿಯವೂ ಡೈಆಕ್ಸೈಡೂ ಒಟ್ಟಿಗೆ ತುಂಬಿರುತ್ತವೆ. ಚೀಲ ಬಿಚ್ಚಿದ ಕೂಡಲೇ ಡೈಆಕ್ಸೈಡು ಹಾರಿ ಪಿಎಚ್ ಏರುತ್ತದೆ, ಅಮೋನಿಯ ವಿಷವಾಗುತ್ತದೆ. ಅಂಥ ಚೀಲವನ್ನು ಮುಚ್ಚಿಯೇ ತೇಲಿಸಿ, ಬಿಚ್ಚಿದ ಮೇಲೆ ತಡ ಮಾಡದೆ ಮೀನನ್ನು ಬಲೆಯಲ್ಲಿ ಎತ್ತಿ, ಅದಕ್ಕೆಂದು ಮೊದಲೇ ಕೆಎಚ್ ಸರಿಮಾಡಿಟ್ಟ ಬೇರೆ ತೊಟ್ಟಿಗೆ ಬಿಡಿ. ಎರಡು ವಾರ ಅಲ್ಲೇ ಇರಲಿ.